ಡಬ್ಬಿಯೊಳಗೆ ಹಿಡಿಯದ ಏಳು ನಿಮಿಷ

ಟೈಮ್‌ಕೀಪರಮ್ಮನ ಮೇಜಿನ ಕೆಳಗಿದ್ದ ಕಂಪ್ಯೂಟರಿನಷ್ಟು ಹಳೆಯ ಕಂಪ್ಯೂಟರ್ ಈ ಭೂಮಂಡಲದಲ್ಲಿ ಇನ್ನೊಂದಿರಲಿಲ್ಲ. ಇದ್ದರೂ ಅದು ಕಲ್ಲಿನದ್ದಾಗಿರಬೇಕು. ಒಳಗಿನ ಫ್ಯಾನು ಒಮ್ಮೊಮ್ಮೆ ಎಷ್ಟು ಜೋರಾಗಿ ಗುಡುಗುತ್ತಿತ್ತೆಂದರೆ, ಅಂಗಳದಲ್ಲಿದ್ದ ಡ್ರೈವರುಗಳು ಯಾರದೋ ಬಸ್ಸು ಹೊರಟಿತೆಂದು ಗಾಬರಿಯಿಂದ ಎದ್ದು ನಿಲ್ಲುತ್ತಿದ್ದರು. ಅದರ ಸ್ವಿಚ್ಚಿನ ಪಕ್ಕದಲ್ಲಿ ಆಕೆ ಸ್ವಂತ ಕೈಬರಹದ ಒಂದು ಚೀಟಿ ಅಂಟಿಸಿದ್ದಳು: ‘ಆಫ್ ಮಾಡಿದವರಿಗೆ ಆರು ತಿಂಗಳು ಭಾನುವಾರದ ಡ್ಯೂಟಿ.’ ಕೈಕಾಲು ಮುರಿಯುತ್ತೇನೆಂದು ಬರೆದಿದ್ದರೂ ಡ್ರೈವರುಗಳು ಅಷ್ಟು ಹೆದರುತ್ತಿರಲಿಲ್ಲ. ಮೂರು ವರ್ಷದಲ್ಲಿ ಒಂದು ನೊಣ ಕೂಡ ಆ ಸ್ವಿಚ್ಚಿನ ಮೇಲೆ ಕೂತಿರಲಿಲ್ಲ.

ಅಷ್ಟು ಜೋಪಾನಕ್ಕೆ ಕಾರಣ, ಆ ಮುದಿ ಪೆಟ್ಟಿಗೆಯೊಳಗೆ ಓಡುತ್ತಿದ್ದ ಗಂಟೆ ಪ್ರೋಗ್ರಾಂ. ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಕೆಲಸವೆಂದರೆ ಯಾವ ಬಸ್ಸು ಯಾವ ಡ್ರೈವರಿಗೆ, ಯಾವ ಗೇಟಿನಿಂದ, ಎಷ್ಟು ಹೊತ್ತಿಗೆ ಹೊರಡಬೇಕೆಂದು ಬರೆದಿಟ್ಟು ಸೀಟಿ ಊದುವುದು. ಇಪ್ಪತ್ತು ವರ್ಷ ಆಕೆ ಸೀಟಿಗೆ ಊದಿದ ಗಾಳಿಯನ್ನು ಕೂಡಿಟ್ಟಿದ್ದರೆ ನೂರ ಹನ್ನೆರಡು ಬಸ್ಸುಗಳ ಟಯರಿಗೂ ತುಂಬಿ, ಸ್ಟೆಪ್ನಿಗಳಿಗೂ ಮಿಗುತ್ತಿತ್ತು. ಆದರೂ ಸೀಟಿ ಕೇಳಿಸಲಿಲ್ಲ ಅನ್ನುವವರು, ಕೇಳಿಸಿತು ಆದರೆ ನನಗಲ್ಲ ಅಂದುಕೊಂಡೆ ಅನ್ನುವವರು, ಒಂದೇ ಬಸ್ಸಿಗೆ ಎರಡು ಕಡೆಯಿಂದ ಹತ್ತಿ ಸ್ಟಿಯರಿಂಗಿನ ಅರ್ಧರ್ಧ ಹಿಡಿದು ಜಗಳಕ್ಕೆ ನಿಲ್ಲುವವರು! ಈ ರಂಪ ತಾಳಲಾರದೆ ಆಕೆ ಬೇರೆ ಊರಿನ ಕಂಪ್ಯೂಟರ್ ಆಫೀಸಿನಲ್ಲಿದ್ದ ನಾದಿನಿಯಿಂದ ಫೋನಿನಲ್ಲೇ ಪಾಠ ಹೇಳಿಸಿಕೊಂಡಳು. ಒಂದು ಕೈಯಲ್ಲಿ ಸೀಟಿ, ಇನ್ನೊಂದು ಕೈಯಲ್ಲಿ ಕೀಬೋರ್ಡ್. ಎಂಟು ತಿಂಗಳಿಗೆ ಒಂದು ವೆಬ್ ಪುಟ ಸಿದ್ಧವಾಯಿತು. ಅಂಗಳದ ದೊಡ್ಡ ಟಿವಿಯ ಮೇಲೆ ಬಸ್ಸಿನ ನಂಬರು, ಡ್ರೈವರಿನ ಹೆಸರು, ಗೇಟು, ಹೊರಡಲು ಉಳಿದ ನಿಮಿಷ. ಹೊತ್ತು ಬಂದೊಡನೆ ಸ್ಪೀಕರಿನಲ್ಲಿ ಢಣ್ ಎಂದು ಗಂಟೆ. ಆ ಗಂಟೆ ಕೇಳಿಸಲಿಲ್ಲ ಎಂದು ಹೇಳಲು ಕಿವಿಯ ಬದಲು ಗೋಡೆಯಿರಬೇಕಿತ್ತು. ಜಗಳ ನಿಂತವು. ಆ ಡಿಪೋದ ಬಸ್ಸುಗಳನ್ನು ನೋಡಿ ಜನ ತಮ್ಮ ಕೈಗಡಿಯಾರ ಸರಿಮಾಡಿಕೊಳ್ಳತೊಡಗಿದರು. ಸೂರ್ಯನೂ ಸರಿಮಾಡಿಕೊಳ್ಳುತ್ತಿದ್ದನೆಂದು ಡ್ರೈವರುಗಳು ಹೇಳುತ್ತಾರೆ. ಅವರ ಮಾತನ್ನು ನಂಬದಿರಲು ಯಾವ ಕಾರಣವೂ ಇಲ್ಲ.

ಸುದ್ದಿ ಕೇಂದ್ರ ಕಚೇರಿ ಮುಟ್ಟಿತು. ಅಲ್ಲಿನ ದೊಡ್ಡ ಸಾಹೇಬರು ಹೊಗಳಿದ್ದು ಕಡಿಮೆ, ಕೊಟ್ಟ ಕೆಲಸ ಜಾಸ್ತಿ.

“ಹನ್ನೆರಡು ಡಿಪೋಗೂ ಒಂದೇ ಗಂಟೆ ಬೇಕು ಮೇಡಮ್. ನಿಮ್ಮದು ಎಲ್ಲಾ ಕಡೆ ಓಡಿದ್ರೆ ನಿಮ್ಮದೇ ಇರ್ಲಿ. ಓಡಲಿಲ್ಲ ಅಂದ್ರೆ ಹೊರಗಡೆಯಿಂದ ತರಿಸ್ತೀವಿ. ಆಮೇಲೆ ಡಿಪೋಗಳಿಗೆ ಟೈಮ್‌ಕೀಪರೇ ಬೇಡ. ನಿಮ್ಮನ್ನ ಕಳೆದುಹೋದ ಸಾಮಾನಿನ ರೂಮಿಗೆ ಹಾಕ್ತೀನಿ, ನೆಮ್ಮದಿಯಾಗಿರಿ.”

ಕಳೆದುಹೋದ ಸಾಮಾನಿನ ರೂಮು! ಪ್ರಯಾಣಿಕರು ಬಸ್ಸಿನಲ್ಲಿ ಮರೆತು ಹೋದದ್ದೆಲ್ಲ ಬಂದು ಬೀಳುವ ನೆಲಮಾಳಿಗೆ ಅದು. ನಾಲ್ಕು ಸಾವಿರ ಕೊಡೆಗಳು, ಒಂಟಿ ಚಪ್ಪಲಿಗಳ ಗುಡ್ಡ, ಮೂರು ಸೆಟ್ ಹಲ್ಲು. ಅಲ್ಲಿಗೆ ಕೆಲಸಕ್ಕೆ ಹೋದವರನ್ನೂ ಯಾರೂ ಕೇಳಿಕೊಂಡು ಬರುತ್ತಿರಲಿಲ್ಲ. ಇಪ್ಪತ್ತು ವರ್ಷ ನೂರ ಹನ್ನೆರಡು ಬಸ್ಸುಗಳನ್ನು ಬೆರಳ ತುದಿಯಲ್ಲಿ ಆಡಿಸಿದವಳು ಹಲ್ಲಿನ ಸೆಟ್ಟುಗಳ ಧೂಳು ಒರೆಸುತ್ತ ಕೂರುವುದೇ? ಆಕೆಗೆ ಎದೆಯಲ್ಲಿ ಬೆಂಕಿ ಬಿದ್ದಂತಾಯಿತು. ಆದರೂ ಬಾಯಲ್ಲಿ ಮಾತ್ರ, “ಆಯ್ತು ಸಾರ್, ಅದೇನು ಮಹಾ,” ಅಂದುಬಿಟ್ಟಳು.

ಮಹಾ ಆಗಿಯೇ ಇತ್ತು. ಪೆನ್‌ಡ್ರೈವಿನಲ್ಲಿ ಪ್ರೋಗ್ರಾಂ ತುಂಬಿಕೊಂಡು ಮಾರ್ಕೆಟ್ ಡಿಪೋಗೆ ಹೋದಳು. ಅಲ್ಲಿನ ಕಂಪ್ಯೂಟರ್ ಬಾಯಿಯೇ ಬಿಡಲಿಲ್ಲ. ಹೊಳೆ ಡಿಪೋದ ಕಂಪ್ಯೂಟರ್ ಬಾಯಿ ಬಿಟ್ಟಿತು, ಆದರೆ ನೂರ ನಲವತ್ತು ಸಾಲು ಕೆಂಪು ಬೈಗುಳ ಕಾರಿತು. ಗುಡ್ಡದ ಡಿಪೋದಲ್ಲಿ ಪುಟವೇನೋ ತೆರೆಯಿತು, ಗಂಟೆಯ ಬದಲು ಕೀರಲು ಸದ್ದು ಬಂತು. ಬಾಗಿಲಲ್ಲಿದ್ದ ನಾಯಿ ಓಡಿಹೋದದ್ದು ವಾರವಾದರೂ ತಿರುಗಿ ಬರಲಿಲ್ಲ. ಆಕೆ ಫೋನು ತೆಗೆದಳು.

“ಏನೇ ಇದು? ನಮ್ಮಲ್ಲಿ ಹೂವಿನ ಹಾಗೆ ಓಡುತ್ತೆ, ಪಕ್ಕದ ಡಿಪೋದಲ್ಲಿ ನೆಗೆದುಬೀಳುತ್ತೆ!”

ನಾದಿನಿ ಆ ಕಡೆಯಿಂದ ಕಿಸಕ್ಕೆಂದಳು. “ಅತ್ತಿಗೆ, ನೀವು ಅವರಿಗೆ ಬರೀ ಸ್ಟಿಯರಿಂಗ್ ಕಳಿಸ್ತಿದ್ದೀರ. ಎಂಜಿನ್ನು ಅವರ ಹತ್ರ ಇರೋದು ಬೇರೆ ಥರದ್ದು, ಟಯರು ಇನ್ನೊಂದು ಥರದ್ದು. ಇನ್ಮೇಲೆ ಇಡೀ ಬಸ್ಸು ಕಳಿಸಿ.”

“ಬಸ್ಸು ಪೆನ್‌ಡ್ರೈವಲ್ಲಿ ಹಿಡಿಸುತ್ತೇನೇ? ನಿನ್ನ ತಲೆ!”

“ಪೆನ್‌ಡ್ರೈವ್ ಬಿಸಾಕಿ. ಡಬ್ಬಿ ಕಟ್ಟೋದು ಕಲಿಸ್ತೀನಿ. ಕಂಟೇನರ್ ಅಂತಾರೆ. ಪ್ರೋಗ್ರಾಂಗೆ ಏನೇನು ಬೇಕೋ ಅದನ್ನೆಲ್ಲ ಒಂದು ಅಚ್ಚಿನಲ್ಲಿ ತುಂಬೋದು. ಆ ಅಚ್ಚೇ ಇಮೇಜು. ಅದನ್ನ ಇಂಟರ್ನೆಟ್‌ನಲ್ಲಿ ರಿಜಿಸ್ಟ್ರಿ ಅಂತ ಒಂದು ಜಾಗ ಇದೆ, ಅಲ್ಲಿಟ್ರೆ ಮುಗೀತು. ಯಾವ ಡಿಪೋದವರು ಬೇಕಾದ್ರೂ ಇಳಿಸ್ಕೊಂಡು ಚಾಲೂ ಮಾಡಬಹುದು. ಎಂಜಿನ್ನು, ಟಯರು, ಡೀಸೆಲ್ಲು, ಸ್ಟೆಪ್ನಿ ಎಲ್ಲಾ ಒಳಗೇ ಇರುತ್ತೆ. ಅವರು ರಸ್ತೆ ಒಂದು ಕೊಟ್ರೆ ಸಾಕು.”

ಅರ್ಧ ದಿನದಲ್ಲಿ ಟೈಮ್‌ಕೀಪರಮ್ಮ ಅದನ್ನು ಅರೆದು ಕುಡಿದಳು. ಡಬ್ಬಿ ಕಟ್ಟಲು ಒಂದು ಪಟ್ಟಿ ಬರೆಯಬೇಕಿತ್ತು: ಮೊದಲು ಪ್ರೋಗ್ರಾಂ ಬರೆದದ್ದು ಯಾವ ಕಂಪ್ಯೂಟರ್ ಭಾಷೆ, ಅದರ ಎಷ್ಟನೇ ಆವೃತ್ತಿ, ಆಮೇಲೆ ಯಾವ ಯಾವ ಬಿಡಿಭಾಗ, ಆಮೇಲೆ ಪ್ರೋಗ್ರಾಂ, ಕೊನೆಗೆ ಒಳಗೆ ಹೊರಗೆ ಹೋಗಿಬರಲು ಎಷ್ಟನೇ ಪೋರ್ಟು, ಅಂದರೆ ಬಾಗಿಲು, ತೆರೆಯಬೇಕು. ಜೀವನವೆಲ್ಲ ಯಾರ ಹಿಂದೆ ಯಾರು, ಯಾವ ಗೇಟು ಎಂದು ಬರೆದವಳಿಗೆ ಇದು ನೀರು ಕುಡಿದಷ್ಟು ಸುಲಭ. ಅಂಥ ಚೊಕ್ಕ ಪಟ್ಟಿಯನ್ನು ಪ್ರಪಂಚದ ಯಾವ ಎಂಜಿನಿಯರನೂ ಅದುವರೆಗೆ ಬರೆದಿರಲಿಲ್ಲ, ಇನ್ನು ಬರೆಯುವುದೂ ಇಲ್ಲ. ಡಬ್ಬಿ ಕಟ್ಟಲು ಬಿಲ್ಡ್ ಎಂದು ಆಜ್ಞೆ ಕೊಟ್ಟಳು. ಹನ್ನೊಂದು ಸಲ ಬಿದ್ದು ಹನ್ನೆರಡನೇ ಸಲಕ್ಕೆ ಎದ್ದಿತು. ಆದರೆ ಇಮೇಜಿನ ಗಾತ್ರ ನೋಡಿ ನಾದಿನಿ ಕಿರುಚಿದಳು.

“ನಾಲ್ಕು ಜಿಬಿನಾ? ಅತ್ತಿಗೆ, ಒಳಗೆ ಏನು ತುಂಬಿದ್ದೀರ? ಒಂದು ಗಂಟೆ ಹೊಡೆಯೋಕೆ ನಾಲ್ಕು ಜಿಬಿ ಯಾಕೆ?”

“ನನಗೇನು ಗೊತ್ತೇ. ಆ ಫೋಲ್ಡರಲ್ಲಿ ಇದ್ದಿದ್ದೆಲ್ಲ ಹಾಕು ಅಂತ ನೀನೇ ತಾನೇ ಹೇಳಿದ್ದು?”

“ತಡೀರಿ, ನೋಡ್ತೀನಿ… ಅಯ್ಯೋ! ಇದು ನನ್ನ ಮದುವೆ ವಿಡಿಯೋ! ಮೂರು ಗಂಟೆದು! ನನ್ನ ಮದುವೇನ ಹನ್ನೆರಡು ಡಿಪೋಗೂ ಕಳಿಸ್ತಿದ್ರಾ?”

“ಕಳಿಸಿದ್ರೆ ಏನಾಯ್ತು ಬಿಡೆ. ನೀನು ಮೂಗು ಸೀಟಿಕೊಂಡು ಅಳ್ತಿರೋದು ಬಹಳ ಚೆನ್ನಾಗಿ ಬಂದಿದೆ.”

ಏನೇನನ್ನು ಡಬ್ಬಿಯ ಹೊರಗಿಡಬೇಕೆಂದು ಇನ್ನೊಂದು ಪಟ್ಟಿ ಬರೆದ ಮೇಲೆ ನಾಲ್ಕು ಜಿಬಿ ಇದ್ದದ್ದು ತೊಂಬತ್ತು ಎಂಬಿಗೆ ಇಳಿಯಿತು. ಮದುಮಗಳೊಬ್ಬಳು ಇಳಿದದ್ದಕ್ಕೇ ಅಷ್ಟು ಹಗುರವಾಯಿತೆಂದು ಟೈಮ್‌ಕೀಪರಮ್ಮ ಹೇಳಿದ ಮಾತಿಗೆ ನಾದಿನಿ ಎರಡು ದಿನ ಫೋನು ಎತ್ತಲಿಲ್ಲ. ಅಷ್ಟರಲ್ಲಿ ಇಮೇಜು ರಿಜಿಸ್ಟ್ರಿ ಏರಿತ್ತು. ಹನ್ನೊಂದು ಡಿಪೋಗಳೂ ಇಳಿಸಿಕೊಂಡವು. ಕೆಂಪು ಬೈಗುಳವಿಲ್ಲ, ಕೀರಲು ಸದ್ದಿಲ್ಲ. ಎಲ್ಲ ಟಿವಿಗಳ ಮೇಲೂ ಅದೇ ಪುಟ, ಅದೇ ಅಕ್ಷರ. ಆಕೆ ಇಡೀ ಡಿಪೋಗೆ ಟೀ ಕುಡಿಸಿದಳು. ಅದೊಂದು ಅವಸರವಾಯಿತು.

ಪರೀಕ್ಷೆ ಸೋಮವಾರ ಮಧ್ಯಾಹ್ನ ಎರಡು ಗಂಟೆಗೆ. ಪಾಳಿ ಬದಲಾಗುವ ಹೊತ್ತು ಅದು, ಹನ್ನೆರಡು ಡಿಪೋಗಳಿಂದಲೂ ಸರಿಯಾಗಿ ಎರಡಕ್ಕೆ ಒಂದೊಂದು ಬಸ್ಸು ಹೊರಡಬೇಕು. ಕೇಂದ್ರ ಕಚೇರಿಯ ಕಂಟ್ರೋಲ್ ರೂಮಿನಲ್ಲಿ ಉಪಗ್ರಹದ ಸಮಯ ತೋರಿಸುವ ಪರದೆಯಿತ್ತು. ಯಾವ ಬಸ್ಸು ಗೇಟು ದಾಟಿದರೂ ಸೆಕೆಂಡಿನ ಲೆಕ್ಕ ಅಲ್ಲಿ ಬೀಳುತ್ತಿತ್ತು. ಟೈಮ್‌ಕೀಪರಮ್ಮನ ಡಿಪೋದಲ್ಲಿ ಢಣ್ ಎಂದು ಗಂಟೆ ಹೊಡೆಯಿತು, ಬಸ್ಸು ಬಾಣದ ಹಾಗೆ ಹೊರಟಿತು. ಆಮೇಲೆ ಫೋನು ಬಂತು. ದೊಡ್ಡ ಸಾಹೇಬರ ದನಿಗೆ ಫೋನಿನ ತಂತಿಯೇ ಕಾದಿತು.

“ಏನ್ರೀ ಮೇಡಮ್ ಇದು? ಮಾರ್ಕೆಟ್ ಡಿಪೋ ನಾಲ್ಕು ನಿಮಿಷ ಲೇಟು. ಹೊಳೆ ಡಿಪೋ ಒಂಬತ್ತು ನಿಮಿಷ ಲೇಟು. ಸ್ಟೇಷನ್ ಡಿಪೋ ಏಳು. ಗುಡ್ಡದ ಡಿಪೋದವರು ಎರಡು ನಿಮಿಷ ಮೊದಲೇ ಓಡಿಹೋದ್ರು, ಜನ ಬಸ್ಸಿನ ಹಿಂದೆ ಓಡ್ತಾ ಇದ್ದಾರೆ! ಇದೇನು ಗಂಟೆನೋ, ಲಾಟರಿನೋ?”

“ಸಾರ್, ನಮ್ಮಲ್ಲಿ ಸರಿಯಾಗಿ…”

“ನಿಮ್ಮಲ್ಲಿ ಸರಿ ಇದ್ರೆ ನಿಮ್ಮಲ್ಲೇ ಇಟ್ಕೊಳ್ಳಿ. ನಾಳೆ ಎರಡು ಗಂಟೆಗೆ ಇನ್ನೊಂದೇ ಸಲ. ಆಗಲಿಲ್ಲ ಅಂದ್ರೆ ನಾಳಿದ್ದಿಂದ ಕೊಡೆ ಎಣಿಸಿ.”

ಆ ಸಂಜೆ ಟೈಮ್‌ಕೀಪರಮ್ಮ ಪ್ರೋಗ್ರಾಮನ್ನು ತಲೆಯಿಂದ ಕಾಲಿನವರೆಗೆ ಓದಿದಳು, ಕಾಲಿನಿಂದ ತಲೆಯವರೆಗೆ ಓದಿದಳು. ತಪ್ಪಿಲ್ಲ. ಡಬ್ಬಿ ಒಂದೇ, ಒಳಗಿರುವುದೂ ಒಂದೇ. ಎಲ್ಲ ಕಡೆಯೂ ಒಂದೇ ಥರ ತಪ್ಪಿದ್ದರೆ ಹಿಡಿಯಬಹುದಿತ್ತು. ಒಂದೊಂದು ಕಡೆ ಒಂದೊಂದು ಥರ ತಪ್ಪುವ ಪ್ರೋಗ್ರಾಮನ್ನು ಎಲ್ಲಿ ಹಿಡಿಯುವುದು, ಬಾಲವೋ ಕೊಂಬೋ?

ಮರುದಿನ ಬೆಳಿಗ್ಗೆ ಎಂಟಕ್ಕೆ ಗೇರ್ ತಾತ ಬಂದ. ಡಿಪೋದ ಅತಿ ಹಿರಿಯ ಡ್ರೈವರು ಆತ. ಮೂವತ್ತೈದು ವರ್ಷದ ಸರ್ವಿಸಿನಲ್ಲಿ ಆತ ಹಾಕಿದ ಗೇರುಗಳನ್ನು ಒಂದರ ಪಕ್ಕ ಒಂದಿಟ್ಟರೆ ಚಂದ್ರನವರೆಗೆ ಹೋಗಿ, ಅಲ್ಲಿ ರಿವರ್ಸ್ ತೆಗೆದುಕೊಂಡು ವಾಪಸು ಬರಬಹುದಿತ್ತು. ಹಿಂದಿನ ದಿನದ ಪರೀಕ್ಷೆಗೆ ಆತನನ್ನು ಮಾರ್ಕೆಟ್ ಡಿಪೋಗೆ ಎರವಲು ಕಳಿಸಿದ್ದರು. ಬಂದವನೇ ಎರಡೂ ಕೈ ಮುಂದೆ ಚಾಚಿದ. ಎರಡು ಮಣಿಕಟ್ಟಿನಲ್ಲೂ ಒಂದೊಂದು ವಾಚು.

“ನೋಡು ತಾಯಿ. ಎಡಗೈಯಲ್ಲಿ ನಮ್ಮ ಡಿಪೋ ಟೈಮು, ಬಲಗೈಯಲ್ಲಿ ಊರಿನ ಟೈಮು. ಇಪ್ಪತ್ತು ವರ್ಷದಿಂದ ಹೀಗೇ ಕಟ್ಕೊಂಡಿದ್ದೀನಿ. ನಿನ್ನೆ ಆ ಮಾರ್ಕೆಟ್ ಡಿಪೋ ಒಳಗೆ ಹೋಗ್ತೀನಿ, ಎರಡೂ ಸುಳ್ಳು!”

“ಎರಡೂ ಹೇಗೆ ಸುಳ್ಳಾಗುತ್ತೆ ತಾತ?”

“ಅವರ ಗೋಡೆ ಗಡಿಯಾರ ಊರಿಗಿಂತ ಮೂರು ನಿಮಿಷ ಮುಂದಂತೆ. ಇನ್ನೊಂದು ವಾಚು ಕಟ್ಟೋಕೆ ನನಗೇನು ಮೂರನೇ ಕೈ ಇದೆಯಾ?”

ಆತನ ಮಾತಿನ ಹಿಂದೆ ಒಂದು ಪದ್ಧತಿಯಿತ್ತು. ಟೈಮ್‌ಕೀಪರಮ್ಮನ ಡಿಪೋದ ಗೋಡೆ ಗಡಿಯಾರ ಏಳು ನಿಮಿಷ ಮುಂದೆ ಓಡುತ್ತಿತ್ತು. ತಡವಾಗಿ ಬರುವ ಡ್ರೈವರುಗಳನ್ನು ಸರಿಯಾದ ಹೊತ್ತಿಗೆ ತರಿಸಲು ಯಾರೋ ಹಿಂದಿನ ಮ್ಯಾನೇಜರು ಹಾಗೆ ತಿರುಗಿಸಿದ್ದರು. ಆಮೇಲೆ ಕಂಪ್ಯೂಟರ್ ಬಂತು, ಹಾಜರಿ ಅದರಲ್ಲೇ ಬೀಳತೊಡಗಿತು. ಗೋಡೆಯಲ್ಲಿ ಒಂದು ಸಮಯ, ಕಂಪ್ಯೂಟರಿನಲ್ಲಿ ಇನ್ನೊಂದು ಸಮಯ ಇದ್ದರೆ ದಿನವೂ ಕುಸ್ತಿ. ಹಾಗಾಗಿ ಕಂಪ್ಯೂಟರಿನ ಗಡಿಯಾರವನ್ನೂ ಏಳು ನಿಮಿಷ ಮುಂದಕ್ಕೆ ತಳ್ಳಿಟ್ಟಿದ್ದರು. ಎಲ್ಲರಿಗೂ ಇದು ಎಷ್ಟು ಒಗ್ಗಿಹೋಗಿತ್ತೆಂದರೆ ಯಾರೂ ಅದನ್ನು ಸುಳ್ಳೆಂದು ಎಣಿಸುತ್ತಲೇ ಇರಲಿಲ್ಲ. ಅಂಗಳಕ್ಕೆ ಬಿಸಿಲು ಬೀಳುವ ಹಾಗೆ, ಗಡಿಯಾರ ಏಳು ನಿಮಿಷ ಮುಂದಿರುತ್ತಿತ್ತು, ಅಷ್ಟೆ.

ಟೈಮ್‌ಕೀಪರಮ್ಮನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಮಾರ್ಕೆಟ್ ಡಿಪೋದ ಗಡಿಯಾರ ಮೂರು ಮುಂದೆ. ಮಾರ್ಕೆಟ್ ಡಿಪೋದ ಬಸ್ಸು ನಾಲ್ಕು ತಡ. ಮೂರೂ ನಾಲ್ಕೂ ಏಳು! ಪ್ರೋಗ್ರಾಮಿನ ನಡುವೆ ಒಂದು ಪುಟ್ಟ ಸಾಲಿತ್ತು, ಮೂರು ವರ್ಷದ ಹಿಂದೆ ಸ್ವತಃ ಬರೆದದ್ದು: ಕಂಪ್ಯೂಟರಿನ ಸಮಯದಿಂದ ಏಳು ಕಳೆ. ನಿನ್ನೆ ಹತ್ತು ಸಲ ಅದರ ಮೇಲೆ ಕಣ್ಣಾಡಿಸಿಯೂ ತಪ್ಪೆನಿಸಿರಲಿಲ್ಲ. ತಪ್ಪೆನಿಸುವುದಾದರೂ ಹೇಗೆ? ಗಡಿಯಾರವೆಂದರೆ ಏಳು ಕಳೆಯಲೇಬೇಕಲ್ಲ!

ನಾದಿನಿಗೆ ಫೋನು ಮಾಡಿದಳು. ಈ ಸಲ ಆಕೆ ಒಂದೇ ರಿಂಗಿಗೆ ಎತ್ತಿದಳು.

“ಡಬ್ಬಿಯೊಳಗೆ ಗಡಿಯಾರ ಇರುತ್ತೇನೇ?”

“ಇರಲ್ಲ ಅತ್ತಿಗೆ. ಬಾಕಿ ಎಲ್ಲಾ ನಮ್ಮದು, ಗಡಿಯಾರ ಮಾತ್ರ ಯಾವ ಕಂಪ್ಯೂಟರಲ್ಲಿ ಓಡ್ತಿದೆಯೋ ಅದರದ್ದು. ಯಾಕೆ?”

“ಯಾಕೂ ಇಲ್ಲ. ಇಡು ಫೋನು. ನಿಮ್ಮತ್ತಿಗೆ ಇವತ್ತು ಹನ್ನೊಂದು ಮ್ಯಾನೇಜರುಗಳ ಜಾತಕ ಓದ್ತಾಳೆ.”

ಮೂರೇ ನಿಮಿಷ ಮುಂದಿದ್ದ ಕಂಪ್ಯೂಟರಿನಲ್ಲೂ ಡಬ್ಬಿ ಏಳು ಕಳೆದಿತ್ತು, ಅದಕ್ಕೇ ನಾಲ್ಕು ತಡ. ಸುಲಭದ ದಾರಿಯೊಂದಿತ್ತು: ಏಳು ಕಳೆಯುವ ಸಾಲನ್ನು ಅಳಿಸಿ, ಎಲ್ಲ ಗಡಿಯಾರಗಳನ್ನೂ ಸರಿಮಾಡಿಸುವುದು. ಅದಕ್ಕೆ ಆಕೆಯ ಡಿಪೋದ ಮ್ಯಾನೇಜರ್ ಒಪ್ಪಬೇಕಿತ್ತು. ಯಾವುದನ್ನೇ ಶುರುಮಾಡಿದರೂ ಅಡ್ಡ ಬರುವ ಅವರಿಗೆ ಡ್ರೈವರುಗಳು ಇಟ್ಟ ಹೆಸರು ಬ್ರೇಕ್ ಸಾಹೇಬರು. ಆಕೆಯ ಮಾತು ಅರ್ಧಕ್ಕೆ ಬರುವಷ್ಟರಲ್ಲೇ ಅವರು ಕುರ್ಚಿಯಿಂದ ಎದ್ದು ಗಡಿಯಾರಕ್ಕೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ನಿಂತರು.

“ನನ್ನ ಹೆಣದ ಮೇಲೆ ಹಾದು ಮುಟ್ಟಬೇಕು ಇದನ್ನ! ಆ ಏಳು ನಿಮಿಷದ ಮೇಲೆ ಇನ್ನೂರು ಸಂಸಾರ ನಿಂತಿದೆ ರೀ. ಒಬ್ಬ ಹೆಂಡತಿನ ಕೆಲಸಕ್ಕೆ ಬಿಡ್ತಾನೆ, ಒಬ್ಬ ಮಗೂನ ಸ್ಕೂಲಿಗೆ ಬಿಡ್ತಾನೆ, ಎಲ್ಲರೂ ಏಳು ನಿಮಿಷ ಇದೆ ಅಂತ ಲೆಕ್ಕ ಹಾಕ್ಕೊಂಡೇ ಮನೆ ಬಿಡೋದು. ಸರಿಮಾಡಿದ್ರೆ ನಾಳೆ ಒಬ್ಬನೂ ಬರಲ್ಲ.”

“ಸರಿ ಸಾರ್, ಕೈ ಇಳಿಸಿ. ಗಡಿಯಾರ ಬಿದ್ದೀತು. ಯಾರ ಸುಳ್ಳನ್ನೂ ನಾನು ಮುಟ್ಟಲ್ಲ.”

ಆಗ ಆಕೆ ಮಾಡಿದ್ದನ್ನು ಕೇಳಿದರೆ ದೊಡ್ಡ ದೊಡ್ಡ ಕಂಪನಿಗಳ ತಲೆಯಾಳುಗಳು ಮೂಗಿನ ಮೇಲೆ ಬೆರಳಿಡಬೇಕು, ಅದೂ ಹತ್ತೂ ಬೆರಳು. ಏಳು ಎನ್ನುವ ಅಂಕಿಯನ್ನು ಪ್ರೋಗ್ರಾಮಿನಿಂದ ಕಿತ್ತಳು. ಅಲ್ಲಿ ‘ಮುಂದು’ ಎಂಬ ಖಾಲಿ ಜಾಗ ಬಿಟ್ಟಳು. ಡಬ್ಬಿಯನ್ನು ಚಾಲೂ ಮಾಡುವಾಗ ಆಯಾ ಡಿಪೋದವರು ತಮ್ಮ ಗಡಿಯಾರ ಎಷ್ಟು ನಿಮಿಷ ಮುಂದಿದೆಯೆಂದು ಹೊರಗಿನಿಂದ ಒಂದು ಅಂಕಿ ಹೇಳಿದರಾಯಿತು. ಹಿಂದಿದ್ದರೆ ಅಂಕಿಗೆ ಮೊದಲು ಮೈನಸ್. ಏನೂ ಹೇಳದಿದ್ದರೆ ಸೊನ್ನೆ. ಡಬ್ಬಿ ಎಲ್ಲರಿಗೂ ಒಂದೇ, ಸುಳ್ಳು ಅವರವರದು. ಬಿಲ್ಡ್ ಕೊಟ್ಟಳು, ಮೊದಲ ಏಟಿಗೇ ಎದ್ದಿತು. ಎರಡನೇ ಆವೃತ್ತಿಯೆಂದು ಟ್ಯಾಗ್ ಹಚ್ಚಿ ರಿಜಿಸ್ಟ್ರಿಗೆ ತಳ್ಳಿದಳು. ಆಗ ಗೋಡೆ ಗಡಿಯಾರದಲ್ಲಿ ಒಂದು ಗಂಟೆ ಮೂವತ್ತೇಳು ನಿಮಿಷ. ಅಂದರೆ ಒಂದೂವರೆ.

ಹನ್ನೊಂದು ಡಿಪೋಗಳೂ ಕೇಂದ್ರ ಕಚೇರಿಯೂ ಒಂದೇ ಫೋನ್ ಲೈನಿಗೆ ಬಂದವು. ಟೈಮ್‌ಕೀಪರಮ್ಮ ಸ್ಪೀಕರ್ ಹಾಕಿ ಮೇಜಿನ ನಡುವೆ ಇಟ್ಟಳು. ಬ್ರೇಕ್ ಸಾಹೇಬರು ಪಕ್ಕದಲ್ಲಿ, ಗೇರ್ ತಾತ ಕಿಟಕಿಯಲ್ಲಿ, ಹೊರಗೆ ಹೇಳಿಕೆಯಿಲ್ಲದೆ ಕೂಡಿದ ಎರಡು ನೂರು ಡ್ರೈವರುಗಳು. ಇರುವೆ ನುಸುಳಲೂ ಜಾಗವಿರಲಿಲ್ಲ.

“ಎಲ್ಲರೂ ಹೊಸ ಇಮೇಜು ಇಳಿಸ್ಕೊಂಡ್ರಾ? ಈಗ ಒಂದೇ ಪ್ರಶ್ನೆ. ನಿಮ್ಮ ನಿಮ್ಮ ಡಿಪೋ ಗಡಿಯಾರ ಎಷ್ಟು ನಿಮಿಷ ಮುಂದಿದೆ?”

ಲೈನಿನಲ್ಲಿ ದೊಡ್ಡ ಸಾಹೇಬರು ಕೇಳಿಸಿಕೊಳ್ಳುತ್ತಿದ್ದಾರೆ. ಅವರೆದುರು ಯಾವ ಮ್ಯಾನೇಜರು ಬಾಯಿಬಿಟ್ಟಾನು?

“ನಮ್ಮದು ಸರಿಯಾಗಿದೆ ಮೇಡಮ್,” ಎಂದರು ಮಾರ್ಕೆಟ್ ಡಿಪೋದವರು.

“ನಮ್ಮದೂ ಸರಿ,” ಹೊಳೆ ಡಿಪೋ.

“ನಮ್ಮ ಗಡಿಯಾರ ನೋಡಿ ರೇಡಿಯೋದವರು ಟೈಮು ಹೇಳ್ತಾರೆ,” ಗುಡ್ಡದ ಡಿಪೋ.

ಹನ್ನೊಂದೂ ಸತ್ಯವಂತರು! ಟೈಮ್‌ಕೀಪರಮ್ಮ ಹಿಂದಿನ ದಿನ ಯಾವ ಡಿಪೋ ಎಷ್ಟು ತಡವಾಯಿತೆಂಬ ಪಟ್ಟಿಯನ್ನು ಎದುರಿಗಿಟ್ಟುಕೊಂಡಳು. ಏಳರಿಂದ ತಡವಾದಷ್ಟು ಕಳೆ, ಬೇಗ ಹೊರಟಿದ್ದರೆ ಅಷ್ಟು ಕೂಡು, ಇಷ್ಟೇ ಲೆಕ್ಕ. ಆದರೆ ಆಕೆ ಕಣ್ಣು ಅರ್ಧ ಮುಚ್ಚಿ, ದನಿಯನ್ನು ಪಾತಾಳಕ್ಕಿಳಿಸಿ, ಭವಿಷ್ಯ ಹೇಳುವವಳ ಹಾಗೆ ಶುರುಮಾಡಿದಳು.

“ಮಾರ್ಕೆಟ್ ಡಿಪೋ. ನಿಮ್ಮ ಗಡಿಯಾರ ಮೂರು ನಿಮಿಷ ಮುಂದೆ.”

ಆ ಕಡೆ ಯಾರೋ ನೀರು ಗುಟುಕರಿಸುತ್ತಿದ್ದವರು ಕೆಮ್ಮಿದರು. “ಅದು… ಡ್ರೈವರುಗಳು ಬೇಗ ಬರ್ಲಿ ಅಂತ…”

“ಮೂರು ಅಂತ ಹಾಕಿ. ಗುಡ್ಡದ ಡಿಪೋ. ನಿಮ್ಮದು ಒಂಬತ್ತು ನಿಮಿಷ ಮುಂದೆ.”

“ಮೇಡಮ್, ಯಾರು ಹೇಳಿದ್ರು ನಿಮಗೆ? ಆ ವಾಚ್‌ಮನ್ನಾ?”

“ನಿಮ್ಮ ಬಸ್ಸೇ ಹೇಳ್ತು. ಒಂಬತ್ತು ಹಾಕಿ. ಹೊಳೆ ಡಿಪೋ, ನಿಮ್ಮದು ವಿಚಿತ್ರ. ಎರಡು ನಿಮಿಷ ಹಿಂದೆ.”

ಲೈನಿನಲ್ಲಿದ್ದವರೆಲ್ಲ ಒಮ್ಮೆಲೇ, “ಹಿಂದೆ?” ಎಂದರು. ಹೊಳೆ ಡಿಪೋದ ಹಿನ್ನೆಲೆಯಲ್ಲಿ ಯಾರೋ ಡ್ರೈವರು ಕೂಗಿದ್ದು ಹನ್ನೆರಡು ಡಿಪೋಗಳಿಗೂ ಕೇಳಿಸಿತು: “ನಮ್ಮ ಮ್ಯಾನೇಜರು ದಿನಾ ಎರಡು ನಿಮಿಷ ಲೇಟು ಬರ್ತಾರೆ, ಅದಕ್ಕೇ!” ನಗು ಎದ್ದದ್ದು ಎಂಥದ್ದೆಂದರೆ ಟೆಲಿಫೋನ್ ಕಂಬಗಳೆಲ್ಲ ಬಳುಕಿದವು.

“ಸ್ಟೇಷನ್ ಡಿಪೋ…” ಎಂದು ಆಕೆ ತಡೆದಳು. ಆ ಮ್ಯಾನೇಜರು ಉಸಿರು ಬಿಗಿಹಿಡಿದಿರುವುದು ಸ್ಪೀಕರಿನಲ್ಲೇ ತಿಳಿಯುತ್ತಿತ್ತು. “ನಿಮ್ಮದು ಸೊನ್ನೆ. ಸರಿಯಾಗಿದೆ.”

“ನೋಡಿದ್ರಾ! ನೋಡಿದ್ರಾ!” ಎಂದು ಆತ ಕುಣಿದ ಸದ್ದು ಬಂತು. ಏನೋ ಉರುಳಿತು, ಬಹುಶಃ ಕುರ್ಚಿ.

ಮಿಕ್ಕ ಡಿಪೋಗಳು ಆಕೆ ಕೇಳುವವರೆಗೂ ಕಾಯಲಿಲ್ಲ. “ನಮ್ಮದು ಐದು ಮೇಡಮ್, ನೀವು ಹೇಳೋದು ಬೇಡ, ನಾವೇ ಹೇಳ್ತೀವಿ.” “ನಮ್ಮದು ನಾಲ್ಕು, ದಯವಿಟ್ಟು ಮುಂದಕ್ಕೆ ಹೋಗಿ.” ಒಬ್ಬರಂತೂ ಗಡಿಯಾರದ ಜೊತೆಗೆ, ಹೋದ ವರ್ಷ ಡಿಪೋದ ಏಣಿಯನ್ನು ಮನೆಗೆ ಒಯ್ದದ್ದನ್ನೂ ಒಪ್ಪಿಕೊಂಡರು. ಬ್ರೇಕ್ ಸಾಹೇಬರು ನಗುತ್ತ ನಗುತ್ತ ಮೇಜು ಕುಟ್ಟಿದರು. ಆಗ ಟೈಮ್‌ಕೀಪರಮ್ಮ ಅವರ ಕಡೆ ತಿರುಗಿ, ದೊಡ್ಡ ಸಾಹೇಬರಿಗೂ ಕೇಳುವ ಹಾಗೆ, “ನಮ್ಮ ಡಿಪೋ, ಏಳು,” ಎನ್ನುತ್ತ ಟೈಪಿಸಿದಳು. ಅವರ ನಗು ಬ್ರೇಕ್ ಹಾಕಿದಂತೆ ನಿಂತಿತು.

ಎರಡು ಗಂಟೆಗೆ ಒಂದು ನಿಮಿಷ. ಹನ್ನೆರಡು ಅಂಗಳಗಳಲ್ಲೂ ಎಂಜಿನ್ನುಗಳು ಗುರುಗುಟ್ಟುತ್ತಿದ್ದವು. ಮಾಡಿದ ಲೆಕ್ಕ ಒಂದೇ ಒಂದು ಕಡೆ ತಪ್ಪಿದರೂ ಕೊಡೆಗಳ ನೆಲಮಾಳಿಗೆ. ಕುರ್ಚಿಯ ಕೈಯನ್ನು ಟೈಮ್‌ಕೀಪರಮ್ಮ ಹಿಡಿದಿದ್ದ ಬಿಗಿಗೆ ಮರದಲ್ಲಿ ಬೆರಳಿನ ಗುರುತು ಮೂಡಿತು. ಬೇಕಾದವರು ಹೋಗಿ ನೋಡಬಹುದು.

ಢಣ್!

ಅದು ಒಂದು ಗಂಟೆಯೋ ಹನ್ನೆರಡು ಗಂಟೆಯೋ ಹೇಳಲಾಗಲಿಲ್ಲ. ಅಂಗಳದಲ್ಲಿ ಹೊಡೆದದ್ದೂ ಫೋನಿನಿಂದ ಬಂದದ್ದೂ ಕೂದಲೆಳೆಯ ಸಂದಿಲ್ಲದೆ ಒಂದಕ್ಕೊಂದು ಬೆರೆತು, ಲೋಕದಲ್ಲಿ ಇದುವರೆಗೆ ಯಾರೂ ಕೇಳದಷ್ಟು ದೊಡ್ಡ ಒಂದೇ ಗಂಟೆಯಾಗಿ ಮೊಳಗಿತು. ಗೇಟುಗಳು ತೆರೆದವು. ಹನ್ನೆರಡು ಬಸ್ಸುಗಳು ಒಟ್ಟಿಗೇ ಹೊರಟವು. ಕಂಟ್ರೋಲ್ ರೂಮಿನ ಹುಡುಗಿ ಓದತೊಡಗಿದಳು: “ಮಾರ್ಕೆಟ್, ಸೊನ್ನೆ. ಹೊಳೆ, ಸೊನ್ನೆ. ಗುಡ್ಡ, ಸೊನ್ನೆ. ಸ್ಟೇಷನ್, ಸೊನ್ನೆ…” ಹನ್ನೆರಡನೆಯ ಸೊನ್ನೆ ಮುಟ್ಟುವಷ್ಟರಲ್ಲಿ ಆಕೆ ಓದುತ್ತಿರಲಿಲ್ಲ, ಕೂಗುತ್ತಿದ್ದಳು. ಹೊರಗೆ ಇನ್ನೂರು ಡ್ರೈವರುಗಳು ನಿಂತ ಬಸ್ಸುಗಳಿಗೆಲ್ಲ ಹತ್ತಿ ಹಾರನ್ ಒತ್ತಿದರು. ಗೇರ್ ತಾತ ಕಿಟಕಿಯಿಂದ ಎರಡೂ ವಾಚಿನ ಕೈಗಳನ್ನು ಒಳಗೆ ಚಾಚಿ ಟೈಮ್‌ಕೀಪರಮ್ಮನ ತಲೆ ಸವರಿದ.

“ಭೇಷ್ ತಾಯಿ! ಮೂವತ್ತೈದು ವರ್ಷದಲ್ಲಿ ಹೊಳೆ ಡಿಪೋ ಬಸ್ಸು ಟೈಮಿಗೆ ಹೊರಟಿದ್ದು ಇವತ್ತೇ.”

ಸದ್ದಡಗಿದ ಮೇಲೆ ದೊಡ್ಡ ಸಾಹೇಬರ ದನಿ ಬಂತು. ಕಾದ ದನಿಯಲ್ಲ, ತಣ್ಣೀರು ಚಿಮುಕಿಸಿದ ದನಿ. “ಹನ್ನೆರಡು ಡಿಪೋಗೂ ಇದೇ ಗಂಟೆ. ಆದೇಶ ಇವತ್ತೇ ಹೊರಡುತ್ತೆ. ನೋಡ್ಕೊಳ್ಳೋದು ಮೇಡಮ್ಮೇ, ಅವರ ಕುರ್ಚಿ ಅಲ್ಲೇ ಇರುತ್ತೆ. ಎಲ್ಲರೂ ಫೋನ್ ಇಡಿ.”

ಟಕ್ ಟಕ್ ಎಂದು ಹನ್ನೊಂದು ಫೋನುಗಳನ್ನು ಇಟ್ಟ ಸದ್ದು. ಆಕೆಯೂ ಇಡಲು ಕೈ ಚಾಚಿದಳು.

“ಮೇಡಮ್, ನೀವಲ್ಲ. ಎಲ್ಲರೂ ಹೋದ್ರಾ?”

“ಹೋದ್ರು ಸಾರ್,” ಎಂದಳು ಟೈಮ್‌ಕೀಪರಮ್ಮ. ಇನ್ನೂರು ಡ್ರೈವರುಗಳು ಕಿಟಕಿಗೆ ಕಿವಿಯಾನಿಸಿದ್ದರು. ಅವರ ಬಗ್ಗೆ ಸಾಹೇಬರು ಕೇಳಿರಲಿಲ್ಲ.

“ನಮ್ಮ ಕಚೇರಿ ಮೇಲಿನ ಮಹಡಿಗೂ ಆ ಗಂಟೆ ಬೇಕು. ಊಟಕ್ಕೆ ಹೋದವರು ವಾಪಸು ಬರೋದೇ ಇಲ್ಲ ರೀ. ಇಮೇಜು ಇಳಿಸಿದ್ದೀನಿ, ನಾನೇ. ಆದ್ರೆ ನಮ್ಮ ಮಹಡಿ ಗಡಿಯಾರ ಸ್ವಲ್ಪ… ಹನ್ನೊಂದು.”

“ಹನ್ನೊಂದು ಮುಂದಾ ಸಾರ್?”

ಆ ಕಡೆ ಸಾಹೇಬರು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದ ಸದ್ದಾಯಿತು.

“ಹಿಂದೆ.”

ಕಿಟಕಿಯಾಚೆ ಯಾರೋ ಬಾಯಿಗೆ ಟವೆಲು ತುರುಕಿಕೊಂಡರು. ಟೈಮ್‌ಕೀಪರಮ್ಮ ತುಟಿ ಕಚ್ಚಿ, ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಳು.

“ಹಾಗಾದ್ರೆ ನಾನು ಹೇಳಿದ ಹಾಗೆ ಟೈಪ್ ಮಾಡ್ತಾ ಹೋಗಿ ಸಾರ್. ಮುಂದು, ಈಕ್ವಲ್, ಮೈನಸ್, ಹನ್ನೊಂದು. ನಡುವೆ ಜಾಗ ಬಿಡಬೇಡಿ. ಬಿಟ್ರಾ? ಪರವಾಗಿಲ್ಲ, ಅಳಿಸಿ, ಮೊದಲಿಂದ ಬನ್ನಿ. ನಿಧಾನ ಸಾರ್, ನಿಧಾನ. ನನಗೇನೂ ಅವಸರ ಇಲ್ಲ.”